ಅಪ್ಪನ ಪುಟದ ನಕಲು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 5.40

ಮತ್ತೆ ಅದೇ ಕನಸು. ನಾನು ಕೆಲಸಕ್ಕೆ ಹೋಗೋ ಲಾಂಡ್ರಿ. ಒಗೆಯೋಕೆ ಬಂದ ಹೊದಿಕೆಗಳ ಗುಡ್ಡ. ಒಂದೊಂದೇ ಎಳೀತಾ ಇದ್ದೀನಿ, ಒಳಗಿಂದ ಅಪ್ಪ ಎದ್ದು ಕೂತರು. ಅವರ ಅಂಗಿ ಮೇಲೆ ನಂಬರ್ ಚೀಟಿ ಪಿನ್ ಆಗಿದೆ. ಪುಸ್ತಕದಲ್ಲಿ ಹುಡುಕ್ತೀನಿ, ಆ ನಂಬರೇ ಇಲ್ಲ. ಇದು ಯಾರದ್ದು, ಬೇಗ ಹೇಳು ಅಂತ ಓನರ್ ಗದರ್ತಾರೆ. ನನ್ನದು ಅನ್ನಬೇಕು, ಬಾಯಿ ಏಳ್ತಿಲ್ಲ... ಎಚ್ಚರ ಆದಾಗ ಎದೆ ಡವಡವ.

ಎದೆ ಹೊಡ್ಕೊಂಡಾಗೆಲ್ಲ ತಾರೀಖು, ಗಂಟೆ ಬರೆದಿಡಿ ಅಂತ ಡಾಕ್ಟರಮ್ಮ ಹೇಳಿದ್ದಕ್ಕೇ ಈ ನೋಟ್‌ಬುಕ್ಕು. ಅದು ಮೊದಲ ಪುಟದಿಂದ. ಇದು ಕೊನೇ ಪುಟದಿಂದ ಹಿಂದಕ್ಕೆ — ಯಾರಿಗೂ ತೋರಿಸೋದಲ್ಲ.

ಡಾಕ್ಟರಮ್ಮ ಕೇಳಿದ್ದು ಒಂದೇ. ಅಪ್ಪ ಏನಾಗಿ ತೀರಿಕೊಂಡ್ರು, ಎಷ್ಟು ವಯಸ್ಸಿಗೆ? ವಯಸ್ಸು ಗೊತ್ತು. ನಲವತ್ತೊಂದು. ಬರೋ ತಿಂಗಳು ನನಗೂ ನಲವತ್ತೊಂದು ತುಂಬುತ್ತೆ. ಏನಾಗಿ ಅನ್ನೋದು ಗೊತ್ತಿಲ್ಲ. ಅಮ್ಮ ಒಂದ್ಸಲ ಜ್ವರ ಅಂತಾಳೆ, ಒಂದ್ಸಲ ಹೊಟ್ಟೆನೋವು ಅಂತಾಳೆ. ಹಾರ್ಟೇ ಆಗಿದ್ರೆ ನಿಮಗೆ ದೊಡ್ಡ ಟೆಸ್ಟ್ ಮಾಡಿಸಬೇಕು, ಮರಣದ ದಾಖಲೆ ತನ್ನಿ, ಅದರಲ್ಲಿ ಕಾರಣ ಇರುತ್ತೆ ಅಂದ್ರು. ಆವತ್ತಿಂದ ನಿದ್ದೆಗೂ ನನಗೂ ಎಣ್ಣೆ ಸೀಗೆಕಾಯಿ.

ಮಾರ್ಚ್ 5, ಗುರುವಾರ

ಅರ್ಧ ದಿನ ರಜೆ ಹಾಕಿ ದಾಖಲೆ ಆಫೀಸಿಗೆ ಹೋಗಿದ್ದೆ. ಜನನ ಒಂದನೇ ಕಿಟಕಿ. ಮರಣ ನಾಲ್ಕನೇದು. ನಡುವೆ ಮದುವೆ. ಗಲಾಟೆ ಎಲ್ಲ ಮದುವೆ ಕಿಟಕೀಲೇ.

ಫಾರಂ ತುಂಬೋಕೆ ಮುಕ್ಕಾಲು ಗಂಟೆ. ಏಳನೇ ಕ್ಲಾಸಿಗೇ ನಿಂತ ಕೈ, ಅಕ್ಷರ ಡಬ್ಬದೊಳಗೆ ಕೂರಲ್ಲ. ಹೆಸರು ಬರೆದೆ. ಕಸುಬು — ಬಡಗಿ. ತಾರೀಖು ಮಾರ್ಚ್ ಹದಿನಾಲ್ಕು, ಅದು ಬಾಯಿಪಾಠ. ಆವತ್ತು ಅಮ್ಮ ಪ್ರತಿ ವರ್ಷ ಹೊಲಿಗೆ ಮಿಷನ್ ಮುಟ್ಟಲ್ಲ, ಒಂದು ತುತ್ತು ತಿನ್ನಲ್ಲ. ವರ್ಷ — ನಾನು ಸ್ಕೂಲು ಬಿಟ್ಟ ವರ್ಷ. ಅದನ್ನ ಹೇಗೆ ಮರೀಲಿ. 'ಯಾವ ಕಾರಣಕ್ಕೆ ಬೇಕು' ಅಂತ ಒಂದು ಡಬ್ಬ. ಯೋಚನೆ ಮಾಡಿ ಮಾಡಿ 'ಭಯ' ಅಂತ ಬರೆದೆ. ಕಿಟಕಿಯ ಗುಮಾಸ್ತೆ, ಕನ್ನಡಕದ ಮೇಡಂ, ಅದರ ಪಕ್ಕದಲ್ಲಿ 'ವೈದ್ಯಕೀಯ' ಅಂತ ಸೇರಿಸಿದ್ರು. ನಗಲಿಲ್ಲ. ಪುಣ್ಯಾತ್ಗಿತ್ತಿ.

ಚಿಕ್ಕ ಸರ್ಟಿಫಿಕೇಟಲ್ಲಿ ಕಾರಣ ಬರಲ್ಲವಂತೆ. ರಿಜಿಸ್ಟರ್ ಪುಟದ ಪೂರ್ತಿ ನಕಲೇ ಕೇಳಬೇಕಂತೆ. ಒಂದು ಅರ್ಜಿಗೆ ಒಂದು ವರ್ಷ, ಜೊತೆಗೆ ಹಿಂದಿಂದೊಂದು ಮುಂದಿಂದೊಂದು. ಅಷ್ಟೇ ಹುಡುಕೋದು.

ಮಾರ್ಚ್ 14, ಶನಿವಾರ

ಅಮ್ಮ ಮಿಷನ್ನಿಗೆ ಹೊದಿಕೆ ಹಾಕಿ ಗೋಡೆ ಕಡೆ ತಿರುಗಿ ಕೂತಿದ್ದಾಳೆ. ಅರ್ಜಿ ವಿಷಯ ಇವತ್ತೇ ಬಾಯಿಬಿಡಬೇಕಿತ್ತಾ ನಾನು... ತೆಪ್ಪಗಿರೋ ಜಾಯಮಾನವೇ ಅಲ್ಲ. ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಶುರು ಮಾಡಿದಳು. ಸತ್ತೋರ ಹೆಸರು ಹಿಡ್ಕೊಂಡು ಯಾರಾದ್ರೂ ಆಫೀಸು ಅಲೀತಾರಾ, ಇರೋ ಗಂಡನ್ನ ನೆಟ್ಟಗೆ ನೋಡ್ಕೋ ಅಂತ.

ಇರೋ ಗಂಡ — ನಮ್ಮವರು — ಪೇಪರಿನ ಹಿಂದಿನಿಂದ, "ನನ್ನದೂ ಒಂದು ಅರ್ಜಿ ಹಾಕಿ ಬಂದಿಲ್ಲ ತಾನೆ?"

ಅಮ್ಮ ನಗಲಿಲ್ಲ. ಬೇರೆ ದಿನ ಆಗಿದ್ರೆ ನಗೋಳು.

ಮಾರ್ಚ್ 24, ಮಂಗಳವಾರ

ಪತ್ರ ಬಂತು. ಒಂದೇ ಸಾಲು. 'ಕೋರಿರುವ ದಾಖಲೆ ಲಭ್ಯವಿಲ್ಲ.' ಕೆಳಗೆ ಸೀಲು.

ಮೂರು ಸಲ ಓದಿದೆ. ಇಲ್ಲ ಅಂದ್ರೇನು? ಯಾರೂ ಬರೆಸಲಿಲ್ಲವಾ? ಪುಸ್ತಕ ಕಳೆದುಹೋಯ್ತಾ? ಅಥವಾ... ಛೆ. ಗೆದ್ದಲು ತಿಂದಿರಬೇಕು ಅಂತ ಇವರು. ಇಷ್ಟು ಜನರಲ್ಲಿ ಗೆದ್ದಲಿಗೆ ನಮ್ಮಪ್ಪನೇ ಬೇಕಿತ್ತಾ.

ಒಂದು ವಿಷಯ ಈಗ ಹೊಳೀತಿದೆ. ಅಪ್ಪ ತೀರಿಕೊಂಡಿದ್ದನ್ನ ನಾನು ನೋಡೇ ಇಲ್ಲ. ಆಗ ನನ್ನನ್ನ ಸೋದರಮಾವನ ಮನೇಲಿ ಬಿಟ್ಟಿದ್ರು. ಹತ್ತು ದಿನ ಬಿಟ್ಟು ಬಂದಾಗ ಮನೇಲಿ ಅಮ್ಮ ಒಬ್ಬಳೇ. ಅಪ್ಪ ತೀರಿಕೊಂಡ್ರು, ಎಲ್ಲಾ ಮುಗೀತು ಅಂದಳು. ಅತ್ತುಬಿಟ್ಟೆ. ಏನು ಎತ್ತ ಕೇಳಲಿಲ್ಲ. ಹನ್ನೆರಡು ವರ್ಷದ ಹುಡುಗಿ ಏನು ಕೇಳ್ತಾಳೆ. ಮುಂದಿನ ಸೋಮವಾರ ಲಾಂಡ್ರಿಗೆ ಸೇರಿಸಿದಳು. ದಿಂಬಿನ ಚೀಲ ಮಡಚೋ ಕೆಲಸ.

ಮಾರ್ಚ್ 26, ಗುರುವಾರ

ಮತ್ತೆ ನಾಲ್ಕನೇ ಕಿಟಕಿಗೆ ಹೋಗಿದ್ದೆ. ಅಕ್ಷರ ಹೇಗಾದ್ರೂ ಬರಲಿ.

ದಾಖಲೆ ಇಲ್ಲ ಅಂದ್ರೆ ಸತ್ತಿಲ್ಲ ಅಂತಾನಾ ಮೇಡಂ, ಅಂತ ಕೇಳಿಯೇಬಿಟ್ಟೆ.

"ನೀವು ಹೇಳಿದ ವರ್ಷ ಸತ್ತಿಲ್ಲ ಅಂತ. ನಮಗೆ ಗೊತ್ತಿರೋದು ಅಷ್ಟೇ ಕಣಮ್ಮ."

ಮನೆಯವರು ವರ್ಷ ತಪ್ಪು ಹೇಳೋದು ದಿನಾ ಇದ್ದಿದ್ದೇ ಅಂದ್ರು. ಹೆಸರಿನ ಪಟ್ಟಿಯ ಪುಸ್ತಕಗಳನ್ನ ತಂದು ಮೇಜಿನ ಮೇಲಿಟ್ಟು, ಇಲ್ಲೇ ಕೂತು ನೋಡ್ಕೊಳ್ಳಿ ಅಂದ್ರು. ಮೊದಲು ಹಿಂದಿನ ವರ್ಷಗಳನ್ನೇ ನೋಡಿದೆ. ಮುಂದೆ ನೋಡೋಕೆ ಮನಸ್ಸೇ ಬರಲಿಲ್ಲ. ಆಮೇಲೆ ನೋಡಿದೆ. ನಾನು ಹೇಳಿದ್ದಕ್ಕಿಂತ ಮೂರು ವರ್ಷ ಮುಂದಿನ ಪುಸ್ತಕ. ಫೆಬ್ರವರಿ. ಅಪ್ಪನ ಹೆಸರು. ಪಕ್ಕದಲ್ಲಿ ತಾತನ ಹೆಸರು. ಬಡಗಿ. ನಮ್ಮ ಹಳೇ ಬೀದಿ. ವಯಸ್ಸು ನಲವತ್ತನಾಲ್ಕು.

ನನಗಾಗ ಹದಿನೈದು.

ಬೇರೆ ಯಾರೋ ಇರಬಹುದು. ಅದೇ ಹೆಸರು, ಅದೇ ಕಸುಬು... ಆದ್ರೆ ತಾತನೂ ಅವರೇ, ಬೀದಿಯೂ ಅದೇ ಆಗುತ್ತಾ? ನಾನು ಇಲ್ಲಿ ಇಸ್ತ್ರಿ ಕಲೀತಿದ್ದಾಗ ಅಪ್ಪ ಎಲ್ಲೋ ಉಸಿರಾಡ್ತಾ ಇದ್ರಾ? ಎಲ್ಲಿ? ಯಾರ ಜೊತೆ?

ಪೂರ್ತಿ ನಕಲಿಗೆ ಅರ್ಜಿ ಕೊಟ್ಟು ಬಂದೆ. ಅಮ್ಮನಿಗೆ ಹೇಳಿಲ್ಲ. ಇವರಿಗೂ ಇಲ್ಲ.

ಏಪ್ರಿಲ್ 9, ಗುರುವಾರ

ನಕಲು ಬಂತು. ದೊಡ್ಡ ಹಾಳೆ, ಇರುವೆ ಸಾಲಿನ ಅಕ್ಷರ. ಕಾರಣ ಒಂದನ್ನೇ ಹುಡುಕಿದೆ.

ಕ್ಷಯ. ಊರಾಚೆಯ ಎದೆರೋಗದ ಆಸ್ಪತ್ರೆ.

ಹಾರ್ಟ್ ಅಲ್ಲ. ಕುಣೀಬೇಕಿತ್ತು ನಾನು. ಕಣ್ಣು ಕೆಳಗೆ ಜಾರಿತು. ಮಾಹಿತಿ ಕೊಟ್ಟವರು — ಹೆಂಡತಿ. ಅಮ್ಮನ ಸಹಿ. ಕೊನೇ ಅಕ್ಷರದ ಬಾಲ ಎಳೆದು ಕೆಳಗೆ ಗೀಟು ಹಾಕೋದು ಅವಳೊಬ್ಬಳೇ.

ಏಪ್ರಿಲ್ 10, ಶುಕ್ರವಾರ

ಹಾಳೆ ಅಮ್ಮನ ಮುಂದೆ ಇಟ್ಟೆ. ಕನ್ನಡಕ ಕೇಳಲಿಲ್ಲ. ಓದಲೂ ಇಲ್ಲ. ಎಲ್ಲ ಹೇಳಿದಳು, ಅಂಗಿಗೆ ಗುಂಡಿಯ ಕಾಜಾ ಹಾಕ್ತಾ.

ಮಾರ್ಚ್ ಹದಿನಾಲ್ಕು ಆಸ್ಪತ್ರೆಗೆ ಸೇರಿಸಿದ ದಿನ. ಬದುಕೋದಿಲ್ಲ ಅಂತ ಅಲ್ಲಿನ ಡಾಕ್ಟರು ಆಗಲೇ ಹೇಳಿದ್ರಂತೆ, ಆದ್ರೂ ಅಪ್ಪ ಮೂರು ವರ್ಷ ಎಳೆದಾಡಿದ್ರು. ಪ್ರತಿ ಭಾನುವಾರ ಹೊಲಿದ ಬಟ್ಟೆ ಕೊಟ್ಟು ಬರ್ತೀನಿ ಅಂತ ಹೋಗ್ತಿದ್ದಳಲ್ಲ — ಹೋಗ್ತಿದ್ದಿದ್ದು ಅಲ್ಲಿಗೆ. ನನಗ್ಯಾಕೆ ಹಾಗೆ ಹೇಳಿದೆ ಅಂದೆ. ಗಂಟಲು ಹರಿದುಹೋಗೋ ಹಾಗೆ ಕೂಗಿದೆ ಅನ್ನಿಸುತ್ತೆ.

"ಕೆಮ್ಮೋ ಮನೆ ಹುಡುಗಿ ಮುಟ್ಟಿದ ಬಟ್ಟೆ ಯಾರು ಹಾಕ್ಕೋತಾರೆ? ನಿನಗೆ ಹೇಳಿದ್ರೆ ಬೀದಿಗೇ ಹೇಳಿದ ಹಾಗೆ. ನಿನ್ನ ಬಾಯಿ ನನಗೆ ಗೊತ್ತಿಲ್ವಾ. ಹಾಗೆ ಹೇಳು ಅಂದಿದ್ದು ನಿಮ್ಮಪ್ಪನೇ."

ಆಮೇಲಾದ್ರೂ, ನಿಜವಾಗಿ ತೀರಿಕೊಂಡಾಗಲಾದ್ರೂ?

"ಒಂದು ಸಲ ಅತ್ತಿದ್ದೆಯಲ್ಲ. ಇನ್ನೊಂದು ಸಲ ಯಾಕೆ ಅಳಿಸಲಿ ಅಂತ."

ದಾರ ಕಚ್ಚಿ ತುಂಡು ಮಾಡಿದಳು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಹಾಗಾದ್ರೆ ದೊಡ್ಡ ಟೆಸ್ಟ್ ಬೇಡ, ಧೈರ್ಯವಾಗಿರಿ ಅಂದ್ರು. ಮಧ್ಯಾಹ್ನದಿಂದ ಕೆಮ್ಮು ಶುರುವಾಗಿದೆ. ಸುಮ್ನೆ ಅನ್ನಿಸ್ತಿದೆಯೋ, ನಿಜವೋ.

ಏಪ್ರಿಲ್ 12, ಭಾನುವಾರ

ಇವತ್ತು ಪೂರ್ತಿ ಓದಿದೆ. ಬೆರಳಿಟ್ಟು, ಒಂದೊಂದೇ ಕಾಲಂ. ಹನ್ನೊಂದನೇದು — 'ಬದುಕಿರುವ ಮಕ್ಕಳು'.

ಅದರ ಎದುರಿಗೆ, ಇಲ್ಲ.

ನಾನು ಒಬ್ಬಳೇ ಮಗಳು. ಆಗ ಹದಿನೈದು ವರ್ಷ. ಬದುಕಿದ್ದೆ.

ಅಮ್ಮನ ಕೇಳಿದೆ. ತಾನು ಕೆಳಗೆ ಸಹಿ ಹಾಕಿದ್ದು ಮಾತ್ರ, ಮೇಲಿನದೆಲ್ಲ ಅಪ್ಪ ಆಸ್ಪತ್ರೆಗೆ ಸೇರುವಾಗ ಬಾಯಲ್ಲಿ ಹೇಳಿ ಬರೆಸಿದ್ದು, ಆ ಹಾಳೆಯನ್ನೇ ಆಮೇಲೆ ದಾಖಲೆ ಪುಸ್ತಕಕ್ಕೆ ಸೇರಿಸಿದ್ರು ಅಂದಳು. ಮಕ್ಕಳಿದ್ದಾರೆ ಅಂದ್ರೆ ಆಸ್ಪತ್ರೆಯವರು ಮನೆಗೇ ಬಂದು ಮಗುವಿನ ಎದೆ ಪರೀಕ್ಷೆ ಮಾಡ್ತಿದ್ರಂತೆ. ಆಗ ಬೀದಿಗೆಲ್ಲ ಗೊತ್ತಾಗೋದು.

ನನಗೋಸ್ಕರವೇ. ಅರ್ಥ ಆಯ್ತು. ಇವರೂ ಅದನ್ನೇ ಹೇಳ್ತಾರೆ, ಪೇಪರ್ ಪಕ್ಕಕ್ಕಿಟ್ಟು. ಅರ್ಥ ಆಯ್ತು ಅಂತ ತಲೆ ಹೇಳುತ್ತೆ. ಬೆರಳು ಮಾತ್ರ ಆ ಕಾಲಂ ಬಿಟ್ಟು ಬರ್ತಿಲ್ಲ.

ಏಪ್ರಿಲ್ 13, ಸೋಮವಾರ

ನಾಳೆ ಆಫೀಸಿಗೆ ರಜೆ, ನಾಳಿದ್ದು ಕೊಡೋದು. ಇಲ್ಲಿ ಬರೆದು ನೋಡಿ, ಆಮೇಲೆ ಒಳ್ಳೆ ಹಾಳೇಲಿ.

ನಾಲ್ಕನೇ ಕಿಟಕಿಯ ಮೇಡಂ ಅವರಿಗೆ ನಮಸ್ಕಾರ. ನೀವು ಕೊಟ್ಟ ನಕಲು ತಲುಪಿದೆ. ಉಪಕಾರವಾಯಿತು. ಹನ್ನೊಂದನೇ ಕಾಲಂ ಒಂದನ್ನು ಮೂಲ ಪುಸ್ತಕದಲ್ಲಿ ಇನ್ನೊಂದು ಸಲ ನೋಡಿ ತಿಳಿಸಬೇಕು. ತಪ್ಪು ನಿಮ್ಮದು ಅನ್ನುತ್ತಿಲ್ಲ. ತಿದ್ದಿಕೊಡಿ ಅಂತಲೂ ಕೇಳುತ್ತಿಲ್ಲ. ಅಲ್ಲಿ 'ಇಲ್ಲ' ಅಂತಲೇ ಇದ್ದರೆ ಇರಲಿ. ಅದರ ಕೆಳಗೆ, ಮೊದಲು 'ಒಂದು' ಅಂತ ಬರೆದು ಆಮೇಲೆ ಅಳಿಸಿದ ಗುರುತು ಏನಾದರೂ, ಬೆಳಕಿಗೆ ಹಿಡಿದರೆ ಕಾಣುತ್ತದೆಯಾ?