ಕಾಕಾನ ಕೈಯಲ್ಲೇ ಉಳಿದ ವಲ್ಲಿ

ಗದಗ, ಫೆಬ್ರವರಿ ೩೦, ೨೨೧೪

ಹಿಂದಿನವರಿಗೆ ನಮಸ್ಕಾರ.

ತಾರೀಖು ತಪ್ಪಿ ಬರೆದಿಲ್ಲ. ನಾವು ಕ್ಯಾಲೆಂಡರ್ ತಿದ್ದಿದಾಗ ಫೆಬ್ರವರಿಗೂ ನ್ಯಾಯ ಸಿಕ್ಕಿತು. ಈ ಕಾಗದ ನಿಮ್ಮ ಕೈಗೆ ಹೇಗೆ ಬರುತ್ತದೆ ಎಂಬುದು ನನಗೂ ಪೂರ್ತಿ ತಿಳಿಯದು. ಅಂಚೆಯವರು ತಲುಪಿಸುತ್ತೇವೆ ಎಂದಿದ್ದಾರೆ, ನಂಬಿದ್ದೇನೆ. ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ನಾನು ನೀಲಗಂಗಾ ಹೂಗಾರ, ಗಾಳಿ ಪಕ್ಷದವಳು. ಈಗಲೂ ಹೌದೋ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ಊರಿನಲ್ಲಿ ಮಧ್ಯಾಹ್ನ ಯಾರೂ ಮನೆಯಲ್ಲಿರುವುದಿಲ್ಲ. ಬಿಸಿಲು ಏರುವ ಮೊದಲೇ ಓಣಿಗೊಂದರಂತೆ ಇರುವ ತಂಪುಮನೆಗೆ ಹೋಗುತ್ತೇವೆ. ಅರ್ಧ ನೆಲದೊಳಗಿರುವ ದೊಡ್ಡ ಹಜಾರ ಅದು, ಗುಡ್ಡದ ಗಾಳಿಯಂತ್ರಗಳ ಕರೆಂಟಿನಿಂದ ತಣ್ಣಗಿರುತ್ತದೆ. ಅಲ್ಲಿಯೇ ಮಕ್ಕಳ ಪಾಠ, ರೊಟ್ಟಿ ಊಟ, ನಿದ್ದೆ, ಜಗಳ ಎಲ್ಲ. ಯಾವ ಓಣಿಗೆ ಎಷ್ಟು ತಂಪು ಎಂದು ನಿರ್ಧರಿಸುವವರು ಊರಸಭೆಯವರು. ಹಾಗಾಗಿ ನಮ್ಮಲ್ಲಿ ಚುನಾವಣೆ ಎಂದರೆ ಅಕ್ಷರಶಃ ಉಸಿರಾಟದ ವಿಷಯ. ಪಕ್ಷಗಳು ಎರಡು: ಗಾಳಿಯವರು, ಕೆರೆಯವರು. ನಾವು ಹಳದಿ ವಲ್ಲಿ ಹೊದೆಯುತ್ತೇವೆ, ಅವರು ನೀಲಿ. ವಲ್ಲಿ ಎಂದರೆ ನೀವೂ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಶಲ್ಯವೇ.

ವರ್ಷಕ್ಕೊಮ್ಮೆ ಮನೆಪ್ರಶ್ನೆಯ ದಿನ ಬರುತ್ತದೆ. ಅಂದು ಊರಸಭೆಯ ಅಧ್ಯಕ್ಷರನ್ನು ಅವರದೇ ಪಕ್ಷದ ಒಬ್ಬರು ಎಲ್ಲರೆದುರು ಪ್ರಶ್ನಿಸಬೇಕು. ಎದುರು ಪಕ್ಷದವರು ಬಾಯಿ ಬಿಡುವಂತಿಲ್ಲ. ಕೇಳುವವರು ಮೊದಲು ತಮ್ಮ ವಲ್ಲಿ ತೆಗೆದು ನಾಯಕರ ಕೈಗೆ ಕೊಡುತ್ತಾರೆ. ಉತ್ತರ ಹೇಳಿದ ಮೇಲೆ ನಾಯಕರು ತಾವೇ ಅದನ್ನು ತಿರುಗಿ ಹೊದಿಸಬೇಕು. ಪ್ರಶ್ನೆ ಕೇಳಿದ ಮಾತ್ರಕ್ಕೆ ನೀನು ಪರಕೀಯಳಾಗಲಿಲ್ಲ, ಇದು ಅದರ ಅರ್ಥ. ನಮ್ಮ ಅಜ್ಜಂದಿರು ನಿಮ್ಮ ಕಾಲದ ಕಿತ್ತಾಟದ ಬಗ್ಗೆ ಓದಿ ರೋಸಿ ಈ ಪದ್ಧತಿ ತಂದರಂತೆ. ಆದರೆ ಈಚೆಗೆ ಅದೊಂದು ಸನ್ಮಾನ ಸಮಾರಂಭವಾಗಿತ್ತು. ಹೋದ ವರ್ಷದ ಪ್ರಶ್ನೆ, ಇಷ್ಟೆಲ್ಲ ದುಡಿದೂ ಆರೋಗ್ಯ ಹೇಗೆ ಕಾಪಾಡಿಕೊಂಡಿದ್ದೀರಿ ಎಂಬುದು. ಚಪ್ಪಾಳೆ ಜೋರಾಗಿ ಬಿತ್ತು.

ಈ ಸಲದ ಪಾಳಿ ನನ್ನದು. ಅಧ್ಯಕ್ಷರು ನಮ್ಮ ಗಾಳಿ ಪಕ್ಷದ ಮಲ್ಲೇಶಪ್ಪ ಕೊಣ್ಣೂರ. ನಮಗೆಲ್ಲ ಕಾಕಾ. ನನಗೆ ಮೊದಲ ವಲ್ಲಿ ಹೊದಿಸಿದವರೂ ಅವರೇ. ಕಳೆದ ಬೇಸಿಗೆಯಲ್ಲಿ ಪಕ್ಷದ ಸಮಾವೇಶ ನಡೆದ ಮಧ್ಯಾಹ್ನ ಮಗ್ಗದ ಓಣಿಯ ತಂಪುಮನೆ ನಿಂತುಹೋಯಿತು. ಅಲ್ಲಿಯ ಕರೆಂಟನ್ನು ಸಮಾವೇಶದ ಚಪ್ಪರಕ್ಕೆ ತಿರುಗಿಸಿದ್ದರೆಂದು ಊರಿಗೆಲ್ಲ ಗೊತ್ತು, ಹೇಳಿದವರು ಯಾರೂ ಇಲ್ಲ. ಅಂದು ಒಳಗೇ ಕುಸಿದು ತೀರಿಕೊಂಡವರು ಹುಸೇನಬಿ, ನಮ್ಮ ಪಕ್ಷಕ್ಕೆ ನನಗಿಂತ ಹಳಬರು. ನಮ್ಮೆಲ್ಲರ ವಲ್ಲಿಗಳನ್ನು ನೇಯ್ದದ್ದು ಅವರ ಮಗ್ಗದಲ್ಲಿ. ಸಮಾವೇಶದಲ್ಲಿ ನಾನು ಹೊದ್ದು ತಣ್ಣಗೆ ಕೂತಿದ್ದೂ ಅವರು ನೇಯ್ದದ್ದನ್ನೇ.

ಸಭೆಗೆ ಹೊರಟಾಗ ಅವ್ವ ಬಾಗಿಲಲ್ಲಿ ನಿಂತು, "ಕೆರಿಯವರು ನಗ್ತಾರವ್ವಾ. ನಮ್ಮವರನ್ನ ನಾವ ಹರಾಜಿಗೆ ಹಾಕಿದಂಗ ಆಗ್ತದ," ಎಂದಳು. ಪಕ್ಷದ ಕಚೇರಿಯವರೂ ಇದನ್ನೇ ಸ್ವಲ್ಪ ಪಾಲಿಶ್ ಮಾಡಿ ಹೇಳಿದ್ದರು.

ಸಭೆಯಲ್ಲಿ ಎಲ್ಲರೆದುರು ನಾನು ವಲ್ಲಿ ತೆಗೆದು ಕೊಟ್ಟೆ. ಕಾಕಾ ನಗುತ್ತ ತೆಗೆದುಕೊಂಡರು.

"ಕಾಕಾ, ಆ ಮಧ್ಯಾಹ್ನ ಮಗ್ಗದ ಓಣಿ ತಂಪುಮನಿ ಯಾರು ಬಂದ್ ಮಾಡಿಸಿದ್ರು?"

ಹಜಾರದಲ್ಲಿ ಯಾರೋ ಕೆಮ್ಮಿದರು. ಕಾಕಾ ವಲ್ಲಿಯ ಅಂಚನ್ನು ಬೆರಳಿಂದ ಸವರಿದರು. ಆಮೇಲೆ, "ಕೆರಿಯವರ ಕಾಲದಾಗ ಎಷ್ಟು ಮಂದಿ ಸತ್ರು, ಅದನ್ನ ಒಮ್ಮಿನೂ ಕೇಳಲಿಲ್ಲಲ್ಲ ನೀ?" ಎಂದರು.

"ಅವರನ್ನ ಅವರ ಮಂದಿ ಕೇಳ್ಲಿ ಕಾಕಾ. ನೀವು ನಮ್ಮವರು."

ಅವರು ವಲ್ಲಿ ಹೊದಿಸಲಿಲ್ಲ, ಕೆಳಗೆ ಬಿಸಾಡಲೂ ಇಲ್ಲ. ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು. ಇಂಥದ್ದು ಹಿಂದೆ ಆಗಿಲ್ಲವಾದ್ದರಿಂದ ಸಭೆ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಜನ ಸ್ವಲ್ಪ ಹೊತ್ತು ಕಾದು ಎದ್ದುಹೋದರು.

ಈಗ ತಂಪುಮನೆಯಲ್ಲಿ ನಮ್ಮವರು ನನ್ನಿಂದ ಎರಡು ಚಾಪೆ ದೂರ ಕೂರುತ್ತಾರೆ. ಕೆರೆಯವರು ಬಂದು ನೀಲಿ ವಲ್ಲಿ ತೋರಿಸಿದರು, ಬೇಡವೆಂದೆ. ನಿಮ್ಮ ನಾಯಕರಿಗೆ ಮನೆಪ್ರಶ್ನೆ ಕೇಳಿ ಬನ್ನಿ ಎಂದದ್ದಕ್ಕೆ ಅವರಿಗೂ ಸಿಟ್ಟು ಬಂತು. ನಮ್ಮ ಕಚೇರಿಯಿಂದ ಹೊಸ ಹಳದಿ ವಲ್ಲಿ ಬಂತು, ಸುಮ್ಮನೆ ಹೊದ್ದುಕೊಂಡರೆ ಎಲ್ಲ ಮುಗಿಯಿತು ಎಂಬ ಮಾತಿನೊಡನೆ. ಅದನ್ನೂ ತಿರುಗಿ ಕಳಿಸಿದೆ. ಪದ್ಧತಿಯ ಪ್ರಕಾರ, ಕೊಟ್ಟ ವಲ್ಲಿ ನಾಯಕರ ಕೈಯಲ್ಲಿರುವಷ್ಟು ದಿನ ಪ್ರಶ್ನೆ ಜೀವಂತ. ಹೊಸದನ್ನು ಹೊದ್ದರೆ ಹುಸೇನಬಿಯ ಸಾವನ್ನು ನಾನೇ ಮುಚ್ಚಿದಂತೆ.

ನಿಮ್ಮ ಕಾಲದ ವಾದಗಳೆಲ್ಲ ನಮ್ಮ ಸಂಗ್ರಹದಲ್ಲಿವೆ. ಕಾಕಾ ಹೇಳಿದ ಮಾತು ನಿಮ್ಮಲ್ಲಿಯೂ ಎರಡೂ ಕಡೆಯಿಂದ ಧಾರಾಳವಾಗಿ ಕೇಳಿಸುತ್ತದೆ. ಉಪದೇಶ ಮಾಡುವಷ್ಟು ದೊಡ್ಡವಳಲ್ಲ ನಾನು. ಒಂದು ವಿನಂತಿ ಮಾತ್ರ: ನಿಮ್ಮ ಪಕ್ಷದಲ್ಲಿ ಯಾರಾದರೂ ಎದ್ದು ನಿಂತು ನಿಮ್ಮವರನ್ನೇ ಪ್ರಶ್ನಿಸಿದರೆ, ಅವರ ಪಕ್ಕದ ಚಾಪೆ ಖಾಲಿ ಬಿಡಬೇಡಿ.

ಹೊರಗೆ ಬಿಸಿಲು ಏರುತ್ತಿದೆ, ಹೊರಡಬೇಕು. ದಾರಿ ಕಾಕಾನ ಮನೆಯ ಮುಂದೆಯೇ. ದಿನವೂ ಬರಿ ಹೆಗಲಲ್ಲಿ ಹೋಗುತ್ತೇನೆ, ಅವರು ಕಟ್ಟೆಯ ಮೇಲೆ ಕೂತಿರುತ್ತಾರೆ. ನನ್ನ ವಲ್ಲಿ ಅವರ ತೊಡೆಯ ಮೇಲಿರುತ್ತದೆ.

ಇಂತಿ,
ನೀಲಗಂಗಾ ಹೂಗಾರ