ಹಾಲಿನ ಜ್ವರ ಅಂದವಳು

ಮಗಳೇ ಪ್ರಾಜಕ್ತಾ,

ನೀನಿದ್ದಾಗ ಕಾಗವಾಡದ ಗಂಡನ ಮನೆಯಿಂದ ದಿನಕ್ಕೆರಡು ಸಲ ಫೋನು ಬರುತ್ತಿತ್ತು, ಕಾಗದ ಬರೆಯುವ ಪ್ರಸಂಗವೇ ಇರಲಿಲ್ಲ. ಇದು ನಿನಗೆ ನನ್ನ ಮೊದಲ ಪತ್ರ.

ಏಕಸಂಬಿಯಲ್ಲಿ ಬಾಣಂತನ ಅಂದರೆ ಚಂದ್ರಮತಿಯೇ ಮಾಡಬೇಕು ಎಂಬ ಜಂಬ ನನಗೆ. ನಾದಿನಿಯರದು, ನಿನ್ನ ಅಕ್ಕನದು, ಓಣಿಯ ಎಷ್ಟೋ ಹುಡುಗಿಯರದು ಇದೇ ಕೈ ಮಾಡಿದೆ. ನೀನು ಹೆರಿಗೆಗೆಂದು ತವರಿಗೆ ಬಂದಾಗ, ನಿನಗೆ ರಕ್ತ ಕಡಿಮೆ ಎಂದು ದವಾಖಾನೆಯವರು ತಾಯಿ ಕಾರ್ಡಿನಲ್ಲಿ ಬರೆದಿದ್ದರು. ಅಂಟಿನ ಉಂಡಿ ತಿಂದರೆ ರಕ್ತ ತಾನೇ ಆಗುತ್ತದೆ ಅಂದೆ. ಹೆರಿಗೆಯಾದ ನಾಲ್ಕನೆಯ ದಿನ ನಿನ್ನ ಮೈ ಕಾದಾಗಲೂ ನನಗೆ ಗಾಬರಿಯಾಗಲಿಲ್ಲ. ಎದೆಗೆ ಹಾಲು ಇಳಿಯುವಾಗ ಮೈ ಬೆಚ್ಚಗಾಗುವುದು ಇದ್ದದ್ದೇ. "ಹಾಲಿನ ಜ್ವರ, ಎರಡ ದಿನದಾಗ ಇಳಿತೈತಿ" ಎಂದು ಇನ್ನೊಂದು ಕೌದಿ ಹೊದಿಸಿದೆ.

ನೀನು ನನ್ನ ಕೈ ಹಿಡಿದುಕೊಂಡೆ. "ಅವ್ವಾ, ಇದು ಹಾಲಿನ ಜ್ವರ ಅಲ್ಲ ಬೇ. ಕೆಳಗ ವಾಸನಿ ಬರಾಕತ್ತೈತಿ, ಹೊಟ್ಟಿ ಮುಟ್ಟಾಕ ಆಗವಲ್ದು. ದವಾಖಾನಿಗೆ ಹೋಗೂಣು."

ನಾನು ನಕ್ಕುಬಿಟ್ಟೆ. "ನಾಕ ಹಡದಾಕಿಗೆ ನೀ ಹೇಳಾಕ ಬರ್ತಿಯೇನ?" ಎಂದೆ.

ಮರುದಿನ ಆಶಾ ಕಾರ್ಯಕರ್ತೆ ಲಕ್ಷ್ಮಿಬಾಯಿ ಬಂದಳು. ಥರ್ಮಾಮೀಟರ್ ತೆಗೆದು, "ಅಕ್ಕಾರ, ಒಂದ ಸಲ ನೋಡಿ ಹೋಗ್ತೀನ್ರಿ" ಅಂದಳು. ಅವಳು ನೋಡಿದರೆ ದವಾಖಾನೆಗೆ ಒಯ್ಯಿರಿ ಎನ್ನುತ್ತಾಳೆ, ಚಂದ್ರಮತಿಯ ಬಾಣಂತನ ಕೆಟ್ಟಿತೆಂದು ಊರೆಲ್ಲ ಆಡಿಕೊಳ್ಳುತ್ತದೆ. ಹೊಸ್ತಿಲಲ್ಲಿ ಅಡ್ಡ ನಿಂತೆ. "ಈಗ ನಿದ್ದಿ ಹತ್ತೈತಿ ಆಕಿಗೆ. ಆರಾಮ ಅದಾಳ, ಹಂಗ ಬರ್ಕೊ" ಎಂದೆ. ಅವಳು ಬರೆದುಕೊಂಡು ಹೋದಳು. ಒಳಗಿನಿಂದ ನೀನು ಅವಳ ಹೆಸರು ಹಿಡಿದು ಕೂಗಿದ್ದು ನನಗೆ ಕೇಳಿತ್ತು.

ಏಳನೆಯ ದಿನ ಮಿರಜದ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ನೀನು ಜೀವ ಬಿಟ್ಟೆ. ನಂಜು ರಕ್ತಕ್ಕೆ ಏರಿತ್ತು ಎಂದರು ಡಾಕ್ಟರರು. ಎರಡು ದಿನ ಮೊದಲೇ ತಂದಿದ್ದರೆ, ಎಂದು ಅಲ್ಲಿಗೇ ನಿಲ್ಲಿಸಿದರು.

ನೋಡದೆಯೇ ಆರಾಮ ಎಂದು ಬರೆದಳೆಂದು ಎಲ್ಲರೂ ಲಕ್ಷ್ಮಿಬಾಯಿಯನ್ನು ಹಿಡಿದರು. ನಿನ್ನ ಗಂಡ ಅಭಿನಂದನ ಅವಳ ಮೇಲೆ ಅರ್ಜಿ ಕೊಟ್ಟರು. ನಾನು ಬಾಯಿ ಬಿಡಲಿಲ್ಲ. ನಿಜ ಗೊತ್ತಾದರೆ ಕೂಸನ್ನು ನನ್ನ ಹತ್ತಿರ ಬಿಡುವುದಿಲ್ಲವೆಂಬ ಹೆದರಿಕೆ. ನಿನ್ನ ಮಗಳು ನನ್ನ ತೋಳಿನ ಮೇಲೆ ಮಾತ್ರ ನಿದ್ದೆ ಮಾಡುತ್ತಿದ್ದಳು, ಪ್ರಾಜಕ್ತಾ. ನಲವತ್ತು ದಿನ ಸುಮ್ಮನಿದ್ದೆ.

ಸೋಮವಾರ ಚಿಕ್ಕೋಡಿಯ ಆರೋಗ್ಯ ಕಚೇರಿಯಲ್ಲಿ ಆ ಅರ್ಜಿಯ ವಿಚಾರಣೆಯಿತ್ತು. ಲಕ್ಷ್ಮಿಬಾಯಿಯ ಕೆಲಸ ಹೋಗುವುದರಲ್ಲಿತ್ತು. ಆದರೂ ಅವಳು ನನ್ನ ಹೆಸರೆತ್ತಲಿಲ್ಲ. "ಮಗಳನ್ನ ಕಳಕೊಂಡಾರ, ಅವರಿಗೆ ಏನ ಅನ್ನೂದ್ರಿ" ಅಂದಳಷ್ಟೆ. ಆಗ ನಾನು ಎದ್ದು ನಿಂತೆ.

"ಆಕಿ ಬಂದಿದ್ಲ್ರಿ. ಬಾಗಲದಾಗಿಂದ ಕಳಿಸಿದಾಕಿ ನಾನ. ಮಗಳು ಒದರಿದ್ದು ನನಗ ಕೇಳಿಸಿತ್ರಿ."

ಅಭಿನಂದನ ತಲೆ ಎತ್ತಿ ನನ್ನನ್ನು ನೋಡಿದರು, ಎದ್ದು ಹೊರಗೆ ಹೋದರು. ಅಂದೇ ಮಧ್ಯಾಹ್ನ ನಿನ್ನ ಅತ್ತೆ ಬಂದು ಕೂಸನ್ನು ಕಾಗವಾಡಕ್ಕೆ ಒಯ್ಯಲು ಎತ್ತಿಕೊಂಡರು. ನಾನು ತಡೆಯಲಿಲ್ಲ. ಹಾಲು ಕುಡಿಸಿದ ಮೇಲೆ ಬೆನ್ನು ಸವರಬೇಕು ಎಂದು ಹೇಳಹೋದೆ. "ನೀವ ಹೇಳೂದು ಸಾಕ್ರಿ" ಅಂದರು. ಅವರು ಅಂದದ್ದರಲ್ಲಿ ತಪ್ಪಿಲ್ಲ.

ನಿನ್ನ ಮಗಳು ನೂರು ವರ್ಷ ಬಾಳಲಿ. ನೋಯುತ್ತಿದೆ ಎಂದು ಅವಳು ಹೇಳಿದಾಗ, ಅದನ್ನು ನಂಬುವವರೊಬ್ಬರು ಅವಳ ಹತ್ತಿರ ಇರಲಿ.

ನಂಬದೆ ಹೋದ ನಿನ್ನ ಅವ್ವ,
ಚಂದ್ರಮತಿ