ಮಾದಪ್ಪನ ಹಸುವಿನ ಹಾಲು

ಮಾಲಿನಿ,

ಪಾಪುವಿಗೆ ಮತ್ತೆ ಭೇದಿ, ಮೈ ಸುಡುತ್ತಿದೆ. ನಿಮ್ಮಣ್ಣ ಬರುವವರೆಗೆ ಕಾಯುವುದಿಲ್ಲ, ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟೆ. ಅವ್ವನಿಗೆ ಓದಲು ಬರದು, ಅದಕ್ಕೇ ನಿನಗೆ ಬರೆದಿಟ್ಟಿದ್ದೇನೆ.

ದನದ ಡಾಕ್ಟರು ಫೋನ್ ಮಾಡಿದ್ದರು. ಕರು ಸತ್ತದ್ದು ಸಾಲ್ಮೊನೆಲ್ಲಾ ಎಂಬ ರೋಗಾಣುವಿನಿಂದಂತೆ. ಅದರ ತಾಯಿ ಕೆಂದಿಯ ಸಗಣಿಯಲ್ಲೂ ಅದೇ ಸಿಕ್ಕಿದೆ. "ಹಸು ಚೆನ್ನಾಗೇ ಕಾಣ್ತದೆ ಕಣಮ್ಮ, ಆದ್ರೆ ರೋಗ ಒಳಗಿಟ್ಕಂಡದೆ" ಅಂದರು. ಹಾಲು ಚೆನ್ನಾಗಿ ಉಕ್ಕಿಸದೆ ಯಾರೂ ಕುಡಿಯಬೇಡಿ. ಕೊಟ್ಟಿಗೆಯಿಂದ ಬಂದರೆ ಸೋಪು ಹಾಕಿ ಕೈ ತೊಳೆದುಕೊ. ಅದರ ಸಗಣಿಯಿಂದ ಅಂಗಳ ಸಾರಿಸಬೇಡ.

ಇವತ್ತು ಸೋಮವಾರ. ಸಂಜೆ ಅವ್ವ ಮಾದಪ್ಪನಿಗೆ ಹಸಿ ಹಾಲು ಎರೆದು ಎಲ್ಲರಿಗೂ ತೀರ್ಥ ಕೊಡುತ್ತಾರೆ. ಪಾಪುವಿಗೆ ಶುರುವಾದದ್ದೂ ಹೋದ ವಾರದ ತೀರ್ಥ ಕುಡಿದ ಮೇಲೆಯೇ. ಕಾಯಿಸಿ ಎರೆಯಿರಿ ಎಂದರೆ, "ಕಾಯ್ಸುದ್ ಆಲು ಮೀಸಲಾದದಾ?" ಎನ್ನುತ್ತಾರೆ. ಮಾರೋಣವೆಂದರೆ ಹರಕೆಯ ಹಸು. ಮಾರಿದರೂ ಇನ್ನೊಬ್ಬರ ಮನೆಗೆ ರೋಗ ಕಟ್ಟಿಕಳಿಸಿದಂತೆ. ನಾನು ಬಾಯಿ ತೆರೆದರೆ ಸೊಸೆ ದೇವರ ಹಸುವಿನ ಮೇಲೆ ದೂರು ಹೊರಿಸಿದಳು ಎಂದಾಗುತ್ತದೆ. ನೀನು ಮಗಳು, ನೀನು ಹೇಳು. ನನ್ನೊಬ್ಬಳನ್ನೇ ಮಾತು ಕೇಳಲು ಬಿಟ್ಟು ನೀನು ಸುಮ್ಮನಿದ್ದದ್ದು ಸಾಕು.

ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಉಣ್ಣು.

ಅವ್ವ ಆಗಲೇ ನನ್ನ ಚೀಲದಲ್ಲಿ ಬೆಳಗ್ಗೆ ಕರೆದ ಹಸಿ ಹಾಲಿನ ಬಾಟಲಿ ಇಟ್ಟಿದ್ದಾರೆ. "ಮಾದಪ್ಪನ ಮುಂದಿಟ್ಟು ಬೇಡ್ಕಂಡಿವ್ನಿ, ಮೊಗೂಗೆ ಒಂದ್ಗುಟುಕು ಕುಡ್ಸವ್ವ, ವಾಸಿಯಾದದು" ಎಂದು ಅತ್ತರು. ಅವರ ಎದುರಿಗೆ ಅದನ್ನು ತೆಗೆದಿಡಲು ನನ್ನ ಕೈಲಾಗಲಿಲ್ಲ. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯ ಚೀಲದಲ್ಲಿ ಅದೇ ಹಾಲು ಇಟ್ಟುಕೊಂಡು ಹೋಗುತ್ತಿದ್ದೇನೆ.

ನಿನ್ನ ಅತ್ತಿಗೆ